ಆ ಗ್ರಹದಲ್ಲಿ ಮೂರು ಇಂಚು ನೀರು

ಲೋಕ ನಾಶವಾಗುವ ಕತೆಗಳೆಂದರೆ ನನಗೆ ಪ್ರಾಣ. ಅದರಲ್ಲೂ ಚಿತ್ರಗಳಲ್ಲೇ ಕತೆ ಹೇಳುವ ಜಪಾನಿನ ಪುಸ್ತಕಗಳು, ಅಂದರೆ ಇಂಗ್ಲಿಷಿಗೆ ಅನುವಾದವಾಗಿ ಬರುವ ಮಾಂಗಾ. ಕಪ್ಪು ಬಿಳುಪು ಪುಟಗಳಲ್ಲಿ ಸೂರ್ಯ ಆರಬೇಕು, ಯಂತ್ರಗಳು ಕೆಟ್ಟು ನಿಲ್ಲಬೇಕು, ಕೊನೆಗೆ ಉಳಿದ ಒಂದು ಮಗುವೂ ಉಳಿಯಬಾರದು. ಯಾರಾದರೂ ಬದುಕಿಕೊಂಡರೆ ಬರೆದವನಿಗೆ ಧೈರ್ಯ ಸಾಲಲಿಲ್ಲ ಎಂದು ಮೂಗು ಮುರಿಯುತ್ತಿದ್ದೆ. ಇಷ್ಟು ಕಠೋರ ರಸಿಕನಾದ ನಾನು ಮಾಡುವ ಕೆಲಸವಾದರೂ ಏನು? ಬಾಣಸವಾಡಿಯಲ್ಲಿ ತಾತ ರಾಗಿ ಬೆಳೆಯುತ್ತಿದ್ದ ನೆಲದ ಮೇಲೆ ಅಪ್ಪ ಬಾಡಿಗೆಗೆಂದು ಕಟ್ಟಿಸಿದ ಮನೆಗಳಲ್ಲಿ ನಲ್ಲಿ ಸೋರಿದರೆ ಪ್ಲಂಬರನ್ನು ಕರೆಯುವುದು. ನಲ್ಲಿಗಳೂ ಅಷ್ಟಾಗಿ ಸೋರುವುದಿಲ್ಲ.

ಈ ಹುಚ್ಚಿಗೆ ನನಗೆ ಜೊತೆಯಾದವನು ಶಿವಾಜಿನಗರದಲ್ಲಿ ಸೂಟ್‌ಕೇಸ್ ಅಂಗಡಿ ಇಟ್ಟಿರುವ ಕಾಲೇಜಿನ ಗೆಳೆಯ. ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಪುಸ್ತಕದ ಹಿಂದಿನ ರಟ್ಟು ಅದಕ್ಕೆ ಮುಂದಿನ ರಟ್ಟು. ಚಿಕ್ಕಂದಿನಿಂದ ಉರ್ದು ಓದಿದ ಅವನಿಗೆ ಇದು ಕೂಡಲೇ ಹಿಡಿತಕ್ಕೆ ಬಂತು. ನಾನು ಮಾತ್ರ ನನ್ನ ಮೊದಲ ಮಾಂಗಾವನ್ನು ಕೊನೆಯಿಂದ ಶುರುಮಾಡಿ, ಸತ್ತವರು ಒಬ್ಬೊಬ್ಬರಾಗಿ ಎದ್ದು ಬರುವುದನ್ನು ಕಂಡು, ಎಂಥ ಅಪೂರ್ವ ಕಥನತಂತ್ರ ಎಂದು ಅವನಿಗೆ ಅರ್ಧ ಗಂಟೆ ಭಾಷಣ ಬಿಗಿದಿದ್ದೆ. ಅವನು ಪೂರ್ತಿ ಕೇಳಿ ಆಮೇಲೆ ನಕ್ಕ.

ಫ್ರೇಜರ್ ಟೌನಿನಲ್ಲಿ ಕಬಾಬ್ ತಿನ್ನುತ್ತ ನಾವಿಬ್ಬರೂ ಮನುಷ್ಯಕುಲದ ಅಂತ್ಯದ ಬಗ್ಗೆ ಚರ್ಚೆ ಮಾಡುತ್ತಿದ್ದೆವು. ಒಮ್ಮೆ ಅವನು ಎಲುಬು ಚೀಪುತ್ತ, "ನಿಂಗೆ ಧೈರ್ಯಗೀರ್ಯ ಏನಿಲ್ಲ ಮಗಾ. ಬೇರೆಯವ್ರು ಸಾಯೋದು ನೋಡಕ್ಕೆ ಇಷ್ಟ, ಅಷ್ಟೇ" ಎಂದ. ನನಗೆ ಸಿಟ್ಟು ಬಂತು. ಆದರೂ ಇನ್ನೊಂದು ಪ್ಲೇಟ್ ಹೇಳಿದೆ.

ಆ ವರ್ಷ ಅಪ್ಪನಿಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, ಕ್ಯಾನ್ಸರ್, ಹೆಚ್ಚೆಂದರೆ ನಾಲ್ಕು ತಿಂಗಳು ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪ ತಲೆಯೆತ್ತಿ, "ಏನಂತೆ?" ಎಂದ.

"ಕರುಳಲ್ಲಿ ಹುಣ್ಣಂತೆ ಅಪ್ಪಾ. ಔಷಧಿ ತಗೊಂಡ್ರೆ ಹೋಗುತ್ತಂತೆ."

ಮನೆಯಲ್ಲಿ ಅಮ್ಮ, ಹೆಂಡತಿ ಇಬ್ಬರೂ ಇದೇ ಸರಿ ಎಂದರು. ನಮ್ಮಲ್ಲಿ ಹಾಗೆಯೇ, ರೋಗ ಬಂದವರೊಬ್ಬರನ್ನು ಬಿಟ್ಟು ಇಡೀ ಬೀದಿಗೆ ಸುದ್ದಿ ಗೊತ್ತಿರುತ್ತದೆ.

ಅಪ್ಪನಿಗೆ ಇದ್ದದ್ದು ಒಂದೇ ಆಸೆ. ಕೆ.ಆರ್. ಪುರದಲ್ಲಿರುವ ತಂಗಿಯನ್ನು ನೋಡಬೇಕು. ಹೊಲ ಲೇಔಟ್ ಆಗುವಾಗ, ತನಗೆ ಪಾಲು ಬೇಡ ಎಂಬ ಪತ್ರಕ್ಕೆ ಅವಳ ಸಹಿ ಹಾಕಿಸಿಕೊಂಡು, ಅರಿಶಿನ ಕುಂಕುಮದ ಜೊತೆ ಒಂದು ರೇಷ್ಮೆ ಸೀರೆ ಕೊಟ್ಟು ಕಳಿಸಿದ್ದ. ಊರಲ್ಲಿ ಎಲ್ಲರೂ ತಮ್ಮ ಅಕ್ಕತಂಗಿಯರಿಗೆ ಮಾಡಿದ್ದು ಅದನ್ನೇ. ಅತ್ತೆ ಆ ಸೀರೆಯನ್ನು ನಮ್ಮ ಗೇಟಿಗೇ ನೇತುಹಾಕಿ ಹೋದವಳು ಹದಿನೆಂಟು ವರ್ಷ ಮಾತಾಡಿರಲಿಲ್ಲ. "ಒಂದ್ಸಲ ಹೋಗ್ಬರೋಣ ಕಣೋ" ಎಂದು ಅಪ್ಪ ಅಂದಾಗಲೆಲ್ಲ ನಾನು, "ಮೊದ್ಲು ವಾಸಿಯಾಗ್ಲಿ, ಹಬ್ಬಕ್ಕೆ ಹೋಗೋಣ" ಎನ್ನುತ್ತಿದ್ದೆ. ಅವನ ಮುಖ ನೋಡಿದ ಕೂಡಲೇ ಅತ್ತೆ ಗೊಳೋ ಎಂದು ಅಳುತ್ತಾಳೆ, ಗುಟ್ಟು ಬಯಲಾಗುತ್ತದೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಮೊದಲ ಸಲ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಅಪ್ಪ ನನ್ನ ಕೈಲಿದ್ದ ದಪ್ಪ ಪುಸ್ತಕ ನೋಡಿ, "ಆ ಬೊಂಬೆ ಪುಸ್ತಕದಲ್ಲಿ ಏನೈತೆ, ನಂಗೂ ಹೇಳು" ಎಂದ. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದು ಬಹಳ ದೂರದ ಒಂದು ಗ್ರಹದ ಕತೆ. ಅಲ್ಲಿ ನೀರು ಬತ್ತಿದೆ. ಒಬ್ಬ ಹುಡುಗಿ, ನೆಲ ಕೊರೆಯುವ ಮುದಿ ಯಂತ್ರವೊಂದರ ಮೇಲೆ ಕೂತು ನೀರು ಹುಡುಕುತ್ತ ಹೋಗುತ್ತಾಳೆ. ಯಂತ್ರ ಮಾತಾಡುತ್ತದೆ. ನಾನು ವಿಶ್ವದಲ್ಲಿ ಮನುಷ್ಯನ ಒಂಟಿತನ ಎಂದೇನೋ ಪೀಠಿಕೆ ಹಾಕುವಷ್ಟರಲ್ಲಿ ಅಪ್ಪ ಅಡ್ಡ ಬಂದ.

"ನೀರಿನ ಪಾಯಿಂಟ್ ಯಾರು ನೋಡಿದ್ದು?"

"ಯಾರೂ ನೋಡಿಲ್ಲ. ಯಂತ್ರವೇ ಹೇಳುತ್ತೆ."

"ಅದುಕ್ಕೇ ನೀರು ಬಂದಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸ್ಕೊಂಡು ನಡೀಬೇಕು. ಕಾಯಿ ಎದ್ದು ನಿಂತ್ಕೊಂಡ ಕಡೆ ಕೊರೀಬೇಕು. ಕೇಸಿಂಗ್ ಪೈಪು ಎಷ್ಟು ಅಡಿ ಇಳಿಸವ್ರೆ?"

ಹತ್ತು ವರ್ಷದಿಂದ ಇಂಥ ಪುಸ್ತಕ ಓದುತ್ತ ಬಂದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಅವತ್ತಿನಿಂದ ದಿನವೂ ಮಧ್ಯಾಹ್ನ ಊಟವಾದ ಮೇಲೆ ಮನೆಯ ಜಗಲಿಯಲ್ಲಿ ಕತೆ ಮುಂದುವರಿಯಿತು. ದಿನಕ್ಕೆ ನಾಲ್ಕೈದು ಪುಟ. ಅಪ್ಪ ನಮ್ಮ ಹೊಲದ ಮೂರು ಬೋರ್‌ವೆಲ್‌ಗಳು ಒಣಗಿದ್ದನ್ನು ನೆನೆಸಿಕೊಳ್ಳುತ್ತ, ಹುಡುಗಿಗೆ ಬುದ್ಧಿ ಹೇಳುತ್ತ, ಯಂತ್ರವನ್ನು ಬೈಯುತ್ತ ಕೇಳುತ್ತಿದ್ದ. ಅಷ್ಟು ಖುಷಿಯಾಗಿ ನಾವಿಬ್ಬರೂ ಎಂದೂ ಮಾತಾಡಿರಲಿಲ್ಲ. ಕತೆ ಮುಗಿಯುವುದೇ ಬೇಡ ಎಂದು ನಾನೇ ಇಲ್ಲದ ಮರುಭೂಮಿಗಳನ್ನು ಸೇರಿಸಿದೆ, ಇಲ್ಲದ ಬಂಡೆಗಳನ್ನು ಅಡ್ಡ ಹಾಕಿದೆ. ಹೀಗೆ ಮೂರು ತಿಂಗಳು ಕಳೆಯಿತು. ಅಪ್ಪ ಅರ್ಧಕ್ಕರ್ಧ ಇಳಿದುಹೋದ.

ಕೊನೆಗೂ ಕೊನೆ ಬಂತು. ಪುಸ್ತಕದಲ್ಲಿ ನೀರು ಸಿಗುವುದಿಲ್ಲ. ಯಂತ್ರ ನಿಲ್ಲುತ್ತದೆ, ಹುಡುಗಿ ಸಾಯುತ್ತಾಳೆ, ಮರಳು ಮುಚ್ಚಿಕೊಳ್ಳುತ್ತದೆ. ಕಬಾಬ್ ಮುಂದೆ ಕೂತು ಇದರ ಸೌಂದರ್ಯವನ್ನು ಒಂದು ಗಂಟೆ ಹೊಗಳಿದ ಮಹಾಶಯ ನಾನು. ಅಪ್ಪನ ಮೊಣಕಾಲಿನ ಮೂಳೆ ಪಂಚೆಯ ಒಳಗಿಂದಲೂ ಕಾಣುತ್ತಿತ್ತು. "ಸಾವಿರದಿನ್ನೂರು ಅಡಿಗೆ ನೀರು ಬಂತಪ್ಪಾ" ಎಂದುಬಿಟ್ಟೆ.

"ಪೈಪಲ್ಲಿ ಎಷ್ಟು ಇಂಚು ನೀರು ಬೀಳ್ತೈತೆ?"

"ಮೂರು."

"ಒಳ್ಳೇ ನೀರೇ" ಎಂದ ಅಪ್ಪ. ಆಮೇಲೆ ನನ್ನ ತೊಡೆಯ ಮೇಲಿದ್ದ ಪುಸ್ತಕ ಎಳೆದುಕೊಂಡು, ಕನ್ನಡ ಪುಸ್ತಕ ತೆರೆಯುವ ಹಾಗೆ ಎಡಗಡೆಯ ರಟ್ಟು ತೆಗೆದ. ಅಲ್ಲಿತ್ತು ಕತೆಯ ಕೊನೆಯ ಪುಟ. ಮರಳಿನಿಂದ ಹೊರಗೆ ಚಾಚಿದ ಒಂದು ಪುಟ್ಟ ಕೈ.

"ಮೊದಲ್ನೇ ದಿನ ಆಸ್ಪತ್ರೇಲಿ ನೀನು ಔಷಧಿ ತರಕ್ಕೆ ಕೆಳಗೆ ಹೋಗಿದ್ದಾಗ್ಲೇ ನೋಡ್ದೆ. ಈ ಮಗು ಸತ್ತೋಗೈತೆ."

"ಅದು ಹಂಗಲ್ಲ ಅಪ್ಪಾ, ಈ ಪುಸ್ತಕ ಆ ಕಡೆಯಿಂದ ಶುರು..."

"ಯಾವ ಕಡೆಯಿಂದಾದ್ರೂ ಶುರುವಾಗ್ಲಿ. ಸತ್ತೈತೋ ಇಲ್ವೋ?"

"ಸತ್ತೈತೆ."

"ಇದ್ರಲ್ಲಿ ಬೊಂಬೆ ಐತೆ, ತಿಳೀತು. ನನ್ನ ರಿಪೋರ್ಟಲ್ಲಿ ಬರೀ ಇಂಗ್ಲಿಷು. ಅದುನ್ನೂ ಓದಿ ಹೇಳು."

ಹೇಳಿದೆ. ಅರ್ಧ ಹೇಳುವಷ್ಟರಲ್ಲಿ ಅಳು ಬಂತು. ಅವನು ನನ್ನ ಬೆನ್ನು ಸವರುತ್ತ ಕೂತ. ರೋಗಿ ಯಾರು ಎಂದು ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ. ನಾನು ಮೂಗು ಒರೆಸಿಕೊಂಡ ಮೇಲೆ ಅಪ್ಪ, "ಕಾರು ತೆಗಿ. ಕೆ.ಆರ್. ಪುರಕ್ಕೆ ಹೋಗ್ಬೇಕು" ಎಂದ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. ನಾನು ಹೆದರಿದ್ದ ಹಾಗೆ ಗೊಳೋ ಎನ್ನಲಿಲ್ಲ. ಅಣ್ಣನ ಕೈ ಹಿಡಿದು ಒಳಗೆ ಕೂರಿಸಿ, "ಹಿಂಗಾಗೋ ತಂಕ ಯಾಕೆ ಕಾಯ್ದೆ ಅಣ್ಣ? ಮೊದ್ಲೇ ಬರಬಾರ್ದಿತ್ತಾ?" ಎಂದಳು.

ಅಪ್ಪ ನನ್ನ ಕಡೆ ನೋಡಲಿಲ್ಲ. "ಪುರುಸೊತ್ತಾಗ್ಲಿಲ್ಲ ಕಣಮ್ಮ" ಎಂದ.

ಮೂರು ತಿಂಗಳು ಜಗಲಿ ಬಿಟ್ಟು ಏಳದ ಮನುಷ್ಯ ಹೇಳಿದ ಮಾತು ಅದು. ನಾನು ಅವರ ಮನೆಯ ಕ್ಯಾಲೆಂಡರು ನೋಡುತ್ತ ನಿಂತೆ.

ಆಮೇಲೆ ಅಪ್ಪ ಇನ್ನೂ ಮೂರು ಭಾನುವಾರ ಅಲ್ಲಿಗೆ ಹೋದ. ಸಹಿಯ ವಿಷಯಕ್ಕೆ ಕ್ಷಮೆ ಕೇಳಿದನೋ, ಅವಳು ಬೈದಳೋ ಗೊತ್ತಿಲ್ಲ. ನನ್ನನ್ನು ಕಾರಿನಲ್ಲೇ ಕೂರಿಸಿ ಒಳಗೆ ಹೋಗುತ್ತಿದ್ದ. ಕಿಟಕಿಯಿಂದ ಒಂದೆರಡು ಸಲ ಇಬ್ಬರ ನಗು ಮಾತ್ರ ಕೇಳಿಸಿತು. ಅದರ ಮುಂದಿನ ಭಾನುವಾರ ಅತ್ತೆಯೇ ಹದಿನೆಂಟು ವರ್ಷದ ಮೇಲೆ ನಮ್ಮ ಗೇಟು ದಾಟಿ ಒಳಗೆ ಬಂದಳು. ಅಪ್ಪನನ್ನು ಆಗಲೇ ನಡುಮನೆಯಲ್ಲಿ ಮಲಗಿಸಿ, ತಲೆದೆಸೆಯಲ್ಲಿ ದೀಪ ಹಚ್ಚಿಟ್ಟಿದ್ದೆವು. ಅವಳು ನನ್ನ ತೋಳು ಹಿಡಿದು, ಬೇರೆ ಯಾರಿಗೂ ಕೇಳಿಸದ ಹಾಗೆ, "ನಿಂಗೆ ಯಾವಾಗಿಂದ ಗೊತ್ತಿತ್ತು?" ಎಂದಳು.

ಹುಣ್ಣು ಅಂದ್ಕೊಂಡಿದ್ವಿ ಅತ್ತೆ ಎಂಬ ಮಾತು ನಾಲಿಗೆಯ ಮೇಲೆ ತಯಾರಿತ್ತು.

"ಮೊದಲ್ನೇ ದಿನದಿಂದ" ಎಂದೆ.

ಅತ್ತೆ ನನ್ನ ತೋಳು ಬಿಟ್ಟು, ಹೋಗಿ ಅಪ್ಪನ ತಲೆಯ ಹತ್ತಿರ ಕೂತಳು.