ಶೈಲಜಕ್ಕನ ಅಕ್ಷರದಂಗಡಿ

ಸ್ಯಾನ್ ಮಟಿಯೋದಲ್ಲಿ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಮೇಲೆ ಎರಡು ಕೋಣೆಗಳಿದ್ದವು. ಅಲ್ಲಿ ಹತ್ತು ವರ್ಷ ಶೈಲಜಕ್ಕ ಮತ್ತು ನೋಬುಹಿರೊ ಎಂಬ ಜಪಾನೀಯರು ಅಕ್ಷರ ಬಿಡಿಸುವ ಕೆಲಸ ಮಾಡುತ್ತಿದ್ದರು. ಫೋನಿನಲ್ಲಿ, ಪುಸ್ತಕದಲ್ಲಿ ನಾವು ಓದುವ ಅಕ್ಷರಗಳನ್ನು ಯಾರೋ ಕೂತು ಒಂದೊಂದಾಗಿ ಬರೆದಿರುತ್ತಾರೆ ಎಂದು ಅವರನ್ನು ನೋಡುವವರೆಗೆ ನನಗೆ ಹೊಳೆದಿರಲೇ ಇಲ್ಲ.

ನಾನು ಮೊದಲ ಸಲ ಹೋದದ್ದು ಮಗಳು ಸೋನಾಲಿಯ ರಂಗಪ್ರವೇಶದ ಆಮಂತ್ರಣ ಮಾಡಿಸಲಿಕ್ಕೆ. ಶೈಲಜಕ್ಕ ಉಡುಪಿಯವರು ಎಂದು ಯಾರೋ ಹೇಳಿದ್ದರು; ನಮ್ಮೂರೂ ಅದೇ. ಒಳಗೆ ಹೋದಾಗ ಐವತ್ತು ದಾಟಿದ, ತೆಳ್ಳಗಿನ ಮನುಷ್ಯರೊಬ್ಬರು ಕಿಟಕಿಯ ಪಕ್ಕ ಕೂತು, ಕನ್ನಡ ಅಕ್ಷರ ತುಂಬಿದ್ದ ಹಾಳೆಯ ಮೇಲೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು.

"ಇವರಿಗೆ ಕನ್ನಡ ಬರ್ತದಾ?" ಎಂದು ಬೆರಗಿನಿಂದ ಕೇಳಿದೆ.

"ಒಂದಕ್ಷರ ಬರುದಿಲ್ಲ ಮಾರಾಯ್ತಿ. ಅದಕ್ಕೇ ಅವರ ಕೈಗೆ ಕೊಡುದು," ಎಂದು ಶೈಲಜಕ್ಕ ನಕ್ಕರು. "ಓದ್ಲಿಕ್ಕೆ ಬರುವವರಿಗೆ ಶಬ್ದ ಕಾಣ್ತದೆ, ಅಕ್ಷರ ಕಾಣುದಿಲ್ಲ."

ಶೈಲಜಕ್ಕ ನೋಬುಸಾನ್ ಎಂದು ಕರೆಯುತ್ತಿದ್ದ ಅವರು ಹಾಳೆಯ ಮೇಲೆ ಬೆರಳಿಟ್ಟು ಜಪಾನಿಯಲ್ಲಿ ಏನೋ ಹೇಳಿದರು. ಅದು 'ಠ'. ಉಳಿದವರೆಲ್ಲ ತಮ್ಮ ಪಾಡಿಗೆ ನಿಂತಿದ್ದಾರೆ, ಇವನೊಬ್ಬ ಕಣ್ಣು ಬಿಟ್ಟು ನಮ್ಮನ್ನೇ ನೋಡುತ್ತಿದ್ದಾನೆ, ಸ್ವಲ್ಪ ಸಮಾಧಾನ ಮಾಡಿ ಎಂದರಂತೆ. ಮೂವರೂ ನಕ್ಕೆವು. ಆಮೇಲೆ ಏನಾದರೊಂದು ನೆಪ ಮಾಡಿಕೊಂಡು ನಾನು ನಮ್ಮ ಮನೆಯಿದ್ದ ಯೂನಿಯನ್ ಸಿಟಿಯಿಂದ ಕೊಲ್ಲಿಯ ಸೇತುವೆ ದಾಟಿ ಅಲ್ಲಿಗೆ ಹೋಗುವುದು ರೂಢಿಯಾಯಿತು.

ಅವರಿಬ್ಬರ ಅಂಗಡಿ ಶುರುವಾದದ್ದು ಕ್ಯೋಟೋದಲ್ಲಿ. ಶೈಲಜಕ್ಕ ಇಪ್ಪತ್ನಾಲ್ಕನೇ ವಯಸ್ಸಿಗೆ ವಿದ್ಯಾರ್ಥಿವೇತನದಲ್ಲಿ ಓದಲು ಜಪಾನಿಗೆ ಹೋದವರು. ಓದು ಮುಗಿದ ಮೇಲೆ ಒಂದು ಮುದ್ರಣಾಲಯದಲ್ಲಿ ನೋಬುಸಾನ್ ಕೈಕೆಳಗೆ ಕೆಲಸಕ್ಕೆ ಸೇರಿದರು. ಎರಡು ವರ್ಷದ ನಂತರ ಇಬ್ಬರೂ ಹೊರಬಂದು ಒಂದು ಚಾಪೆ ಅಂಗಡಿಯ ಹಿಂದೆ ಸಣ್ಣ ಸ್ಟುಡಿಯೋ ತೆರೆದರು. ಸೋಯಾ ಸಾಸ್ ಬಾಟಲಿಗಳ ಚೀಟಿ, ಚಹಾದ ಡಬ್ಬಿ, ಸ್ನಾನಗೃಹದ ಬೋರ್ಡು, ಏನು ಬಂದರೂ ಮಾಡಿದರು. ಏಳು ವರ್ಷ ಕಳೆದ ಮೇಲೆ ಇಲ್ಲಿನ ಕಂಪನಿಯೊಂದಕ್ಕೆ ಜಪಾನಿ ಮತ್ತು ಭಾರತದ ಭಾಷೆಗಳ ಅಕ್ಷರ ಬೇಕಾಯಿತು. ಹಾಗೆ ಸ್ಯಾನ್ ಮಟಿಯೋಗೆ ಬಂದರು.

ಬೇರೆಯವರ ಕೆಲಸದ ನಡುವೆ ತಮ್ಮದೇ ಒಂದು ಕೆಲಸವನ್ನೂ ಅವರು ಇಟ್ಟುಕೊಂಡಿದ್ದರು: ಒಂದೇ ಪುಟದಲ್ಲಿ ಜಗಳವಿಲ್ಲದೆ ಕೂರುವಂಥ ಕನ್ನಡ ಮತ್ತು ಜಪಾನಿ ಅಕ್ಷರಗಳು. ಜಪಾನಿಗೆ ಏಳು ಸಾವಿರ ಅಕ್ಷರ ಬೇಕು. ನೋಬುಸಾನ್ ದಿನಕ್ಕೆ ನಾಲ್ಕು ಬಿಡಿಸುತ್ತಿದ್ದರು, ಕೆಲವು ದಿನ ಒಂದೇ. ಕನ್ನಡದ್ದು ಶೈಲಜಕ್ಕನದು. ಸಂಜೆ ಹಾಳೆ ಬದಲಾಯಿಸಿಕೊಂಡು ಒಬ್ಬರದನ್ನು ಒಬ್ಬರು ತಿದ್ದುತ್ತಿದ್ದರು.

ನೋಬುಸಾನ್ ಬೇರೆ ಅಪಾರ್ಟ್‌ಮೆಂಟಿನಲ್ಲಿದ್ದರು, ಶೈಲಜಕ್ಕ ಬೇರೆ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಕನ್ನಡ ಕೂಟದ ಊಟದ ಸಾಲಿನಲ್ಲಿ ಹೆಂಗಸರು ಕೇಳುತ್ತಿದ್ದರು, "ಶೈಲಜಾ, ಅವ್ರು ನಿಮ್ಗೆ ಏನಾಗ್ಬೇಕು?" ಶೈಲಜಕ್ಕ ಪಲ್ಯ ಬಡಿಸಿಕೊಳ್ಳುತ್ತ "ಪಾರ್ಟ್ನರು" ಎಂದಷ್ಟೇ ಹೇಳುತ್ತಿದ್ದರು. ನಾನು ಮಾತ್ರ ಒಮ್ಮೆ ನೇರವಾಗಿಯೇ ಕೇಳಿಬಿಟ್ಟೆ.

"ಅವರು ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಕೆಲಸ ಇತ್ತಲ್ಲ," ಎಂದರು.

2023ರ ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ನೋಬುಸಾನ್ ತಾವೇ ಬರೆದ ಹಾಳೆಯನ್ನು ಎತ್ತಿ ಹಿಡಿದು ಕೇಳಿದರು (ಶೈಲಜಾ ಅವರ ನಾಲಿಗೆಯಲ್ಲಿ ಯಾವಾಗಲೂ ಶೈರ): "ಶೈರಸಾನ್, ಇದು ನಿಮ್ಮದಾ? ಕನ್ನಡವಾ?"

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಶೈಲಜಕ್ಕ ನಕ್ಕರು. ನೋಬುಸಾನ್ ನಗಲಿಲ್ಲ. ಬಲಗೈಯ ಪೆನ್ಸಿಲು ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವರಿಗೆ ಏಳಲಾಗಲಿಲ್ಲ.

ಆಸ್ಪತ್ರೆಯಲ್ಲಿ ಫಾರಂ ತುಂಬಿಸಲು ಕೊಟ್ಟರು. ರೋಗಿಗೂ ನಿಮಗೂ ಏನು ಸಂಬಂಧ ಎಂಬ ಸಾಲಿನ ಮುಂದೆ ಶೈಲಜಕ್ಕ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದರು. ಕೊನೆಗೆ ಬಿಸಿನೆಸ್ ಪಾರ್ಟ್ನರ್ ಎಂದು ಬರೆದರು. ಪಾರ್ಶ್ವವಾಯು ಬಡಿದು ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿತ್ತು. ಜೀವ ಉಳಿಯಿತು. ಮಾತು ತಡವರಿಸಿಕೊಂಡಾದರೂ ಬಂತು. ಬಲಗೈ ಬರಲಿಲ್ಲ.

ಡಾಕ್ಟರು ಇನ್ನೊಂದು ವಿಷಯ ಹೇಳಿದರು. ಜಪಾನಿಯಲ್ಲಿ ಎರಡು ಬಗೆಯ ಬರಹ ಇದೆ. ಒಂದು, ಚೀನಾದಿಂದ ಬಂದದ್ದು. ಅದರಲ್ಲಿ ಒಂದೊಂದು ಚಿಹ್ನೆಗೂ ತನ್ನದೇ ಅರ್ಥ. ಇನ್ನೊಂದು, ನಮ್ಮ ಅಕ್ಷರಗಳ ಹಾಗೆ ಬರೀ ಧ್ವನಿಯದ್ದು. ಮಕ್ಕಳು ಮೊದಲು ಕಲಿಯುವುದು ಅದನ್ನೇ. ನೋಬುಸಾನ್‌ಗೆ ಅರ್ಥದ ಚಿಹ್ನೆಗಳು ಒಂದಷ್ಟು ಉಳಿದಿದ್ದವು. ಧ್ವನಿಯ ಅಕ್ಷರಗಳು ಪೂರ್ತಿ ಹೋಗಿದ್ದವು. ನಲವತ್ತು ವರ್ಷ ಅಕ್ಷರ ಬರೆದ ಮನುಷ್ಯರಿಗೆ ತಮ್ಮ ಹೆಸರಿನ ಉಚ್ಚಾರ ಬರೆದು ತೋರಿಸಿದರೂ ಗುರುತು ಸಿಗುತ್ತಿರಲಿಲ್ಲ.

ಜಪಾನಿನ ಕೋಬೆ ಊರಿನಿಂದ ನೋಬುಸಾನ್ ಅವರ ಅಕ್ಕ ಸಾಚಿಕೊ ಬಂದರು. ಅರವತ್ತೆರಡರ, ಒಂಟಿಯಾಗಿದ್ದ ಹೆಂಗಸು. ಶೈಲಜಕ್ಕ ನಾಲ್ಕು ತಿಂಗಳು ದಿನಾ ಹೋಗಿ ನೋಡಿಕೊಂಡರು, ಗಂಜಿ ಮಾಡಿ ಕೊಂಡುಹೋದರು. ಆದರೆ ನಿರ್ಧಾರ ಸಂಬಂಧಿಕರದು. ಜುಲೈಯಲ್ಲಿ ಸಾಚಿಕೊ ತಮ್ಮನನ್ನು ಊರಿಗೆ ಕರೆದುಕೊಂಡು ಹೊರಟರು. ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿಯಲ್ಲಿದ್ದ ನೋಬುಸಾನ್, "ಕೆಲಸ ಬಾಕಿ ಇದೆ," ಎಂದರಂತೆ. "ನಾನು ನೋಡಿಕೊಳ್ತೇನೆ," ಎಂದು ಇವರು ಹೇಳಿದರಂತೆ. ಹದಿನೇಳು ವರ್ಷ ಒಟ್ಟಿಗೆ ಅಂಗಡಿ ನಡೆಸಿದ ಮೇಲೆ ಅವರಿಬ್ಬರ ನಡುವೆ ನಡೆದ ಬೀಳ್ಕೊಡುಗೆ ಇಷ್ಟೇ.

ಸೆಪ್ಟೆಂಬರಿನಲ್ಲಿ ಶೈಲಜಕ್ಕ ಒಂದು ಪತ್ರ ಬರೆದರು. ಜಪಾನಿ ನಿರರ್ಗಳವಾಗಿ ಆಡುತ್ತಿದ್ದರೂ ಕೈಬರಹದಲ್ಲಿ ಅವರಿಗೆ ಸಲೀಸಾಗಿದ್ದದ್ದು ಮಕ್ಕಳ ಧ್ವನಿ ಅಕ್ಷರ ಮಾತ್ರ. ಪತ್ರವಿಡೀ ಅದರಲ್ಲೇ ಇತ್ತು.

"ಅವರಿಗೆ ಓದ್ಲಿಕ್ಕೆ ಬರುದಿಲ್ಲ ಅಂತ ಗೊತ್ತಿತ್ತಲ್ಲ ಅಕ್ಕ?" ಎಂದೆ ನಾನು.

"ಗೊತ್ತಿತ್ತು. ಬಹುಶಃ ಆ ಧೈರ್ಯದಲ್ಲೇ ಬರೆದದ್ದು. ಸಾಚಿಕೊ ಓದಿ ಹೇಳ್ತಾಳೆ ಅಂತ ಎಣಿಸಿದೆ. ನನ್ನ ಬಾಯಲ್ಲಿ ಬಾರದ್ದು ಅವಳ ಬಾಯಲ್ಲಾದ್ರೂ ಬರ್ಲಿ ಅಂತ."

ಮೂರು ವಾರದ ಮೇಲೆ ಅದೇ ಪತ್ರ ಇನ್ನೊಂದು ಲಕೋಟೆಯಲ್ಲಿ ವಾಪಸು ಬಂತು. ನಾನು ಅವತ್ತು ಅಲ್ಲೇ ಇದ್ದೆ. ಮೂರೂ ಹಾಳೆಗಳ ತುಂಬ ಕೆಂಪು ಪೆನ್ಸಿಲಿನ ಗುರುತುಗಳು, ಎಡಗೈಯಲ್ಲಿ ಬರೆದದ್ದರಿಂದ ನಡುಗಿದ ಗೆರೆಗಳು. ಒಂದು ಅಕ್ಷರದ ಬಾಲ ಭಾರವಾಗಿದೆ ಎಂದು ವೃತ್ತ ಹಾಕಿದ್ದರು. ಇನ್ನೊಂದರ ಹೊಟ್ಟೆ ತಿದ್ದಿದ್ದರು. ಎರಡನೆಯ ಹಾಳೆಯಲ್ಲಿ ಒಂದೇ ಸಾಲನ್ನು ಮುಟ್ಟದೆ ಬಿಟ್ಟು, ಪಕ್ಕದಲ್ಲಿ 'ಚೆನ್ನಾಗಿದೆ' ಎಂಬರ್ಥದ ಚಿಹ್ನೆ ಬರೆದಿದ್ದರು.

ಪತ್ರವನ್ನು ಅವರು ತಿದ್ದಲು ಕಳಿಸಿದ ಪ್ರೂಫ್ ಎಂದುಕೊಂಡಿದ್ದರು.

ಆ ಸಾಲಿನಲ್ಲಿ ಏನಿತ್ತು ಎಂದು ನಾನು ಕೇಳಲಿಲ್ಲ. ಶೈಲಜಕ್ಕ ಹಾಳೆಗಳನ್ನು ಮೇಜಿನ ಮೇಲಿಟ್ಟು, ಎದ್ದುಹೋಗಿ ಸಿಂಕಿನ ನಲ್ಲಿ ಬಿಟ್ಟರು. ನೀರು ಸುರಿಯುತ್ತಲೇ ಇತ್ತು. ನಾನು ಹೋಗಿ ನಿಲ್ಲಿಸಿದಾಗ ಅವರು ಎರಡೂ ಕೈಯಲ್ಲಿ ಸಿಂಕಿನ ಅಂಚು ಹಿಡಿದು ಅಳುತ್ತಿದ್ದರು.

ಲಕೋಟೆಯಲ್ಲಿ ಸಾಚಿಕೊ ಒಂದು ಚೀಟಿ ಇಟ್ಟಿದ್ದರು: "ನಾಲ್ಕು ದಿನ ಕೂತು ಮಾಡಿದ. ಕೆಲಸ ಬಂತೆಂದು ತುಂಬಾ ಖುಷಿಯಾಗಿದ್ದಾನೆ. ಇನ್ನೂ ಇದ್ದರೆ ಕಳಿಸಿ."

ಕಳಿಸಿದರು. ಪ್ರತಿ ತಿಂಗಳೂ ಕಳಿಸಿದರು. ಈಗ ನಿಜವಾದ ಪ್ರೂಫುಗಳು, ಕನ್ನಡದವು, ಒತ್ತಕ್ಷರ ಸಮೇತ. ಗುರುತುಗಳು ಬರಬರುತ್ತ ಕಡಿಮೆಯಾದವು, ಆದರೆ ಒಂದೂ ತಪ್ಪಿರುತ್ತಿರಲಿಲ್ಲ. ಒಬ್ಬರಿಂದ ಸ್ಟುಡಿಯೋ ನಡೆಯುವಂತಿರಲಿಲ್ಲ. ಕೋಣೆಗಳನ್ನು ಬಿಟ್ಟುಕೊಟ್ಟು ಶೈಲಜಕ್ಕ ರೆಡ್‌ವುಡ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದರು. ಹಾಳೆ ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮರುವರ್ಷ ನವೆಂಬರಿನಲ್ಲಿ ಶೈಲಜಕ್ಕ ಆಫೀಸಿನ ಮೀಟಿಂಗಿನಲ್ಲಿರುವಾಗ ಸಾಚಿಕೊ ಅವರ ಇಮೇಲ್ ಬಂತು. ಮತ್ತೊಮ್ಮೆ ಹಾಗೇ ಆಗಿ, ನೋಬುಸಾನ್ ಹೋಗಿಬಿಟ್ಟಿದ್ದರು. ಅಂತ್ಯಕ್ರಿಯೆ ಮುಗಿದು ಮೂರು ದಿನವಾಗಿತ್ತು. ಮೀಟಿಂಗು ಮುಗಿಯುವವರೆಗೂ ಕೂತಿದ್ದೆ, ಯಾರಿಗೆ ಏನೆಂದು ಹೇಳಿ ಏಳಬೇಕು ಎಂದು ಗೊತ್ತಾಗಲಿಲ್ಲ ಎಂದರು ನನ್ನ ಹತ್ತಿರ.

ಜಪಾನಿನಲ್ಲಿ ಸತ್ತವರ ನಲವತ್ತೊಂಬತ್ತನೆಯ ದಿನ ದೊಡ್ಡದು. ಅದಕ್ಕೆ ಹೋದರು. ಗುಡ್ಡದ ಮೇಲಿನ ಸಮಾಧಿಗೆ ನೀರು ಹಾಕಿ ಮನೆಗೆ ಬಂದ ಮೇಲೆ ಸಾಚಿಕೊ ಊಟಕ್ಕಿಟ್ಟರು. ಬೇರೆ ಯಾರೂ ಇರಲಿಲ್ಲ. ಅನ್ನದ ಬಟ್ಟಲು ಮುಂದಿಟ್ಟು ಸಾಚಿಕೊ ಕೈಮುಗಿದು ತಲೆ ತಗ್ಗಿಸಿದರಂತೆ.

"ಮೊದಲ ಕಾಗದವನ್ನು ನಾನು ಓದಿದೆ. ಪೂರ್ತಿ ಓದಿದೆ. ಅವನಿಗೆ ಹೇಳಲಿಲ್ಲ."

"ಯಾಕೆ?"

"ಹೇಳಿದ್ದರೆ ನಿಮ್ಮ ಹತ್ತಿರ ಕಳಿಸು ಅನ್ನುತ್ತಿದ್ದ. ನನಗೂ ಅವನೊಬ್ಬನೇ ಇದ್ದದ್ದು."

ಈ ಮಾತು ಹೇಳುವಾಗ ಶೈಲಜಕ್ಕನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ನಾವಿಬ್ಬರೂ ನನ್ನ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದೆವು. ನನಗೇ ಸಿಟ್ಟು ನೆತ್ತಿಗೇರಿತು.

"ನೀವು ಎಂತ ಹೇಳಿದಿರಿ?"

"ಎಂತ ಹೇಳುದು? ಹೋಟೆಲಿಗೆ ಹೋಗ್ತೇನೆ ಅಂತ ಎದ್ದೆ. ಬಾಗಿಲವರೆಗೆ ಬಂದು ಚಪ್ಪಲಿಯನ್ನೂ ಹಾಕಿದೆ. ಅವಳು ತಡೀಲಿಲ್ಲ. ಊಟದ ಎದುರು ಹಾಗೇ ಕೂತಿದ್ಳು. ಅವಳ ಬೆನ್ನು ನೋಡಿದೆ. ನೋಬುಸಾನ್ ಕೆಲಸಕ್ಕೆ ಕೂರ್ತಿದ್ದದ್ದು ಹಾಗೇ, ಎಡ ಭುಜ ಸ್ವಲ್ಪ ತಗ್ಗಿಸಿ." ಇನ್ನೊಂದು ಬಟಾಣಿ ಸುಲಿದು ಬಟ್ಟಲಿಗೆ ಹಾಕಿದರು. "ಚಪ್ಪಲಿ ಬಿಟ್ಟು ಒಳಗೆ ಬಂದೆ. ಊಟ ಮಾಡಿದೆ."

"ಕ್ಷಮಿಸಿದಿರಾ ಹಾಗಾದ್ರೆ?"

"ಇಲ್ಲ," ಎಂದರು ತಕ್ಷಣ. "ಅದು ಆಗುದಿಲ್ಲ."

ಆದರೂ ಪ್ರತಿ ಭಾನುವಾರ ಸಂಜೆ ಶೈಲಜಕ್ಕ ಕೋಬೆಗೆ ಫೋನು ಮಾಡುತ್ತಾರೆ. ಅಲ್ಲಿ ಆಗ ಸೋಮವಾರದ ಬೆಳಗು. ಸಾಚಿಕೊಗೆ ಮೊಣಕಾಲು ನೋವು, ಪಕ್ಕದ ಮನೆಯವರ ಬೆಕ್ಕಿನ ಕಾಟ. ಇಬ್ಬರೂ ಅದನ್ನೇ ಮಾತಾಡುತ್ತಾರೆ. ಹೋದ ವಾರ ನಾನಿದ್ದಾಗ ಮಾತು ಮುಗಿಸಿ ಫೋನಿಟ್ಟರು. ಮಾರ್ಚಿನಲ್ಲಿ ಅವಳ ಮೊಣಕಾಲಿನ ಆಪರೇಷನ್ನಂತೆ, ನೋಡಿಕೊಳ್ಳಲು ಯಾರೂ ಇಲ್ಲವಂತೆ ಎಂದರು. ಮತ್ತೆ ನನ್ನ ಮುಖ ನೋಡದೆ, ರಜೆ ಎಷ್ಟು ದಿನ ಉಳಿದಿದೆ ಎಂದು ಲೆಕ್ಕ ಹಾಕತೊಡಗಿದರು.