ಬಸ್ ಸ್ಟ್ಯಾಂಡಿಗೆ ಬರಲೊಲ್ಲದ ಅಜ್ಜಿ

ನಾನು ಆರನೇ ತರಗತಿಯಲ್ಲಿದ್ದಾಗ ಅಮ್ಮ ಎರಡನೇ ಮದುವೆಯಾದಳು. ಅಪ್ಪ ತೀರಿಕೊಂಡ ಮೇಲೆ ದಿಂಡಿಗಲ್‌ನಲ್ಲಿ ನಾವಿಬ್ಬರೇ ಇದ್ದೆವು. ಆ ಬಾಡಿಗೆ ಮನೆ ಖಾಲಿ ಮಾಡಿ ಉತ್ತಮಪಾಳಯಂ ಹತ್ತಿರದ ದ್ರಾಕ್ಷಿ ತೋಟಕ್ಕೆ ಬಂದೆವು. ಅಲ್ಲಿದ್ದವರು ಅಮ್ಮನ ಹೊಸ ಗಂಡ ಮತ್ತು ಅವರ ತಾಯಿ. ಅಮ್ಮ ನನ್ನ ಹತ್ತಿರ ಒಂದು ಒಪ್ಪಂದ ಮಾಡಿಕೊಂಡಿದ್ದಳು. ಅರ್ಧವಾರ್ಷಿಕ ಪರೀಕ್ಷೆಯವರೆಗೆ ಇದ್ದು ನೋಡುವುದು, ಹಿಡಿಸದಿದ್ದರೆ ದಿಂಡಿಗಲ್‌ನ ಚಿಕ್ಕಮ್ಮನ ಮನೆಯಲ್ಲಿದ್ದು ಓದುವುದು. ನನಗೆ ಹಿಡಿಸುವುದಿಲ್ಲವೆಂದು ನಾನು ಅವತ್ತೇ ತೀರ್ಮಾನಿಸಿಬಿಟ್ಟಿದ್ದೆ. ನನ್ನ ಜೀವದ ಗೆಳತಿ ಇದ್ದದ್ದು ಚಿಕ್ಕಮ್ಮನ ಪಕ್ಕದ ಮನೆಯಲ್ಲಿ.

ನಮ್ಮವರೆಲ್ಲ ಮನೆಯೊಳಗೆ ಕನ್ನಡ, ಹೊರಗೆ ತಮಿಳು. ನನಗೆ ಮಾತ್ರ ಒಳಗೂ ತಮಿಳೇ. ತೀರಿಹೋದ ನನ್ನ ಸ್ವಂತ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನಾನು ತಮಿಳಿನಲ್ಲಿ ಉತ್ತರ ಕೊಟ್ಟೇ ಬೆಳೆದವಳು. ಹಾಗಾಗಿ ಈ ಹೊಸ ಅಜ್ಜಿ, ಈ ಟೌನ್ ಹುಡುಗಿಗೆ ನಮ್ಮ ಮಾತು ಬರುವುದಿಲ್ಲ ಎಂದುಕೊಂಡಳು. ಅಮ್ಮನಿಗೆ ಸತ್ಯ ಗೊತ್ತಿತ್ತು, ಆದರೂ ಸುಮ್ಮನಿದ್ದಳು. ನಾನಂತೂ ಬಾಯಿ ಬಿಡಲಿಲ್ಲ.

ಅಜ್ಜಿ ನನ್ನೊಡನೆ ಬಲು ಮರ್ಯಾದೆಯಿಂದ ತಮಿಳಿನಲ್ಲಿ ಎರಡು ಮಾತಾಡಿ, ಆಮೇಲೆ ನನ್ನೆದುರಿಗೇ ಮಗನ ಹತ್ತಿರ ಕನ್ನಡದಲ್ಲಿ ಶುರುಮಾಡುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ ಹೀಗೆಂದಳು:

"ಬೆಕ್ಕಿನ ಮರಿ ಹಂಗೆ ತಿಂತದೆ. ಇದುನ್ನ ಇಷ್ಟು ದಿನ ಹೆಂಗ್ ಸಾಕುದ್ರೋ!"

ಮೈಯೆಲ್ಲ ಉರಿಯಿತು. ಆದರೆ ಮರುಕ್ಷಣವೇ ಅವಳು ದನಿ ತಗ್ಗಿಸಿದಳು: "ಪಾವಂ, ಪಾಪದ ಕೂಸು. ನನ್ನುನ್ನ ಅಜ್ಜಿ ಅನ್ನು ಅಂತ ಅದ್ಕೆ ಯಾರೂ ಯೋಳಬ್ಯಾಡಿ. ಅದ್ರ ಅಜ್ಜಿ ಜಾಗ ಅದ್ರ ಅಜ್ಜಿಗೇ ಇರಲಿ."

ಆ ದಿನದಿಂದ ನಾನು ಬೇಕೆಂದೇ ಅವರು ಮಾತಾಡುವಲ್ಲಿಗೆ ಹೋಗಿ ಕೂರತೊಡಗಿದೆ.

ಶನಿವಾರಗಳಲ್ಲಿ ಅಮ್ಮನ ಮೊಬೈಲಿನಿಂದ ಗೆಳತಿಗೆ ಫೋನ್ ಮಾಡುತ್ತಿದ್ದೆ. ಮೊದಮೊದಲು ಮಾತು ಮುಗಿಯುತ್ತಲೇ ಇರಲಿಲ್ಲ. ಆಮೇಲೆ ಶಾಲೆಯ ಬೆಂಚಿನಲ್ಲಿ ಅವಳ ಪಕ್ಕದ ನನ್ನ ಜಾಗಕ್ಕೆ ಹೊಸ ಹುಡುಗಿಯೊಬ್ಬಳು ಬಂದಳು. ಒಂದು ಶನಿವಾರ ಆ ಕಡೆ ಇಬ್ಬರೂ ಏನಕ್ಕೋ ಬಿದ್ದು ಬಿದ್ದು ನಕ್ಕರು. ಆಮೇಲೆ ಮಾಡುತ್ತೇನೆ ಎಂದು ಗೆಳತಿ ಫೋನಿಟ್ಟಳು, ಮಾಡಲೇ ಇಲ್ಲ. ನಾನು ಹಿತ್ತಲಲ್ಲಿ ಕೂತು ಅತ್ತು, ಮುಖ ತೊಳೆದು ದ್ರಾಕ್ಷಿ ಚಪ್ಪರದ ಕೆಳಗೆ ಹೋದೆ.

ಅಜ್ಜಿ ಗೊಂಚಲುಗಳಿಂದ ಕೊಳೆತ ಕಾಯಿಗಳನ್ನು ಕತ್ತರಿಸಿ ತೆಗೆಯುತ್ತಿದ್ದಳು. ನನ್ನನ್ನು ನೋಡಿ ಮಗನಿಗೆ, "ಕೂಸಿನ ಮಕ ಬಾಡದೆ. ಏನೂ ಕೇಳಬ್ಯಾಡ," ಎಂದಳು. ನನ್ನ ಕೈಗೊಂದು ಪುಟ್ಟ ಕತ್ತರಿ ಕೊಟ್ಟು, ತೊಟ್ಟು ಮಾತ್ರ ಹಿಡಿಯಬೇಕೆಂದು ತೋರಿಸಿದಳು. ಹಣ್ಣು ಮುಟ್ಟಿದರೆ ಮೇಲಿನ ಬಿಳಿ ಬೂದಿ ಅಳಿಸಿಹೋಗುತ್ತದೆ, ವ್ಯಾಪಾರಿ ಹಳೇ ಹಣ್ಣು ಅನ್ನುತ್ತಾನೆ. ಸಂಜೆಯವರೆಗೆ ಇಬ್ಬರೂ ಹಾಗೇ ಕೂತಿದ್ದೆವು. ನನಗೆ ಅಲ್ಲಿಂದ ಏಳುವ ಮನಸ್ಸೇ ಆಗಲಿಲ್ಲ.

ಪರೀಕ್ಷೆ ಮುಗಿದ ಮಾರನೇ ದಿನ ಬೆಳಿಗ್ಗೆ ದಿಂಡಿಗಲ್‌ಗೆ ಹೊರಡುವುದೆಂದಾಗಿತ್ತು. ಮತ್ತೆ ಬರುವೆನೋ ಇಲ್ಲವೋ ಎಂದು ಅಮ್ಮ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹಿಂದಿನ ಸಾಯಂಕಾಲ ನಾಲ್ವರೂ ಚಪ್ಪರದ ಕೆಳಗಿದ್ದೆವು. ಅಜ್ಜಿ ಕಾಯಿ ಕತ್ತರಿಸುತ್ತಾ, ತಲೆಯೆತ್ತದೆ ಮಗನಿಗೆ ಹೇಳಿದಳು:

"ನಾಳೆ ನಾನು ಬಸ್ ಸ್ಟ್ಯಾಂಡ್‌ಗೆ ಬರಕಿಲ್ಲ. ಅದು ಓಗಾದ ನಿಂತು ನೋಡಕೆ ನನ್ನ ಕೈಲಾಗಕಿಲ್ಲ. ಎರಡು ಗೊಂಚಲು ಕಟ್ಕೊಡ್ತೀನಿ, ಬ್ಯಾಗಲ್ಲಿ ಮ್ಯಾಲ್ಗಡೆ ಇಡು. ಬೂದಿ ಅಳಿಸೀತು."

ಈ ಸಲ ನಾನು ಬಾಯಿ ಬಿಟ್ಟೆ. ಮಾತು ಬಂತು, ಕನ್ನಡದಲ್ಲೇ ಬಂತು.

"ಎರಡು ಸಾಕು ಅಜ್ಜಿ. ಒಂದು ನನ್ನ ಗೆಳತಿಗೆ, ಒಂದು ಅವಳ ಹೊಸ ಗೆಳತಿಗೆ."

ಅಜ್ಜಿಯ ಕತ್ತರಿ ನಿಂತಿತು. ಅಜ್ಜಿ ಮಗನನ್ನು ನೋಡಿದಳು, ಅವರು ನನ್ನ ಅಮ್ಮನನ್ನು ನೋಡಿದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದ್ದಳು.

"ಅಯ್ಯೋ ಕಡವುಳೇ, ದ್ಯಾವ್ರೇ! ಇಷ್ಟು ದಿನ ಎಲ್ಲಾನೂವೆ ಕೇಳ್ಕಂಡು ಕುಂತಿದ್ದಾ ಇದು?"

"ಬೆಕ್ಕಿನ ಮರಿ ಅಂದಿದ್ದೂ ಕೇಳಿಸ್ತು."

ಅಜ್ಜಿ ನಗಲು ಹೋದಳು, ಆಗಲಿಲ್ಲ. "ಹಂಗಾರೆ ನಿಂಗೆ ಹಣ್ಣು ಬ್ಯಾಡ್ವಾ ಕೂಸೇ?" ಎಂದು ಮೆಲ್ಲಗೆ ಕೇಳಿದಳು.

"ನಂಗೆ ಇಲ್ಲೇ ಇದ್ಯಲ್ಲ. ಭಾನುವಾರ ಸಾಯಂಕಾಲದ ಬಸ್ಸಿಗೆ ಬರ್ತೀನಿ. ಅವತ್ತು ನೀನು ಸ್ಟ್ಯಾಂಡಿಗೆ ಬರಬೇಕು."