ಡಬ್ಬದ ಬೆನ್ನು ಓದುವ ಅಕ್ಕ

ಬೆಳಗಿನ ಜಾವ ಐದು ಗಂಟೆ. ಅಂಗಡಿಯ ಶಟರ್ ಇನ್ನೂ ಸೊಂಟದೆತ್ತರಕ್ಕಷ್ಟೇ ಎದ್ದಿದೆ. ಅದರಡಿ ಬಗ್ಗಿ ಒಳಬಂದ ಐವತ್ತೆರಡರ ಹೆಂಗಸು ಮಂಡಿನೋವಿಗೆ ಒಂದು ಬೈಗುಳ ಒಪ್ಪಿಸಿ, ದೀಪ ಹಾಕಿ, ಕೈಗಾಡಿಯನ್ನು ಮೂರನೇ ಸಾಲಿಗೆ ಎಳೆದೊಯ್ಯುತ್ತಾರೆ. ಪೆಟ್ಟಿಗೆ ಸೀಳಿ ಟೊಮೆಟೊ ಸಾಸಿನ ಬಾಟಲಿ ತೆಗೆಯುತ್ತಾರೆ. ಬೇರೆಯವರಾಗಿದ್ದರೆ ನೇರ ಶೆಲ್ಫಿಗೆ ಇಡುತ್ತಿದ್ದರು. ಇವರು ಅದನ್ನು ತಿರುಗಿಸಿ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಭೂತಗನ್ನಡಿಯನ್ನು ಹಿಂಬದಿಯ ಚೀಟಿಗೆ ಹಿಡಿಯುತ್ತಾರೆ. ಇಡೀ ಅಂಗಡಿಗೆ ಇವರು ಭೂತಗನ್ನಡಿ ಅಕ್ಕ.

ಇವತ್ತು ಶನಿವಾರ, ಅಕ್ಕನಿಗೆ ಕೈಕಾಲು ಒಂದೆಡೆ ನಿಲ್ಲುತ್ತಿಲ್ಲ. ಮೂರು ವಾರದ ಹಿಂದೆ ಮ್ಯಾನೇಜರು ಇವರ ಕೈಗೆ ಒಂದೇ ಒಂದು ರ‍್ಯಾಕ್ ಕೊಟ್ಟಿದ್ದಾರೆ. ಕೃತಕ ಬಣ್ಣ, ರುಚಿ ಹೆಚ್ಚಿಸುವ ಪುಡಿ, ಕೆಡದಂತೆ ಕಾಯುವ ರಾಸಾಯನಿಕ ಯಾವುದೂ ಇಲ್ಲದ ಪದಾರ್ಥಗಳು ಮಾತ್ರ ಅದರಲ್ಲಿರುತ್ತವೆ. ಇಂದು ಮಧ್ಯಾಹ್ನ ಹನ್ನೆರಡರೊಳಗೆ ಅದರಿಂದ ಒಟ್ಟು ಇನ್ನೂರು ಪ್ಯಾಕೆಟ್ ಮಾರಾಟವಾದರೆ ರ‍್ಯಾಕ್ ಉಳಿಯುತ್ತದೆ, ಇಲ್ಲದಿದ್ದರೆ ಅಲ್ಲಿ ಬಣ್ಣದ ಪಾನೀಯ ಬರುತ್ತದೆ. ನಿನ್ನೆ ಸಂಜೆಗೆ ನೂರಾ ಅರವತ್ತೊಂದು ಹೋಗಿತ್ತು.

ಅಕ್ಕ ಡಬ್ಬ ಜೋಡಿಸಲು ಬಂದು ಹನ್ನೆರಡು ವರ್ಷ. ದಿನಕ್ಕೆ ಎಂಟುನೂರು ಡಬ್ಬ, ಎಲ್ಲದರ ಮುಖ ಮುಂದಕ್ಕೆ. ಅದರ ಬೆನ್ನಲ್ಲಿ ಏನಿದೆಯೆಂದು ಒಂಬತ್ತು ವರ್ಷ ಇವರೂ ನೋಡಿದವರಲ್ಲ. ಮನೆಯಲ್ಲಿ ಉಬ್ಬಸದ ಗಂಡ. ಅವರ ಮೈಗೆ ಒಳ್ಳೆಯದಾಗಲಿ ಎಂದು ಹೊಂಬಣ್ಣದ ಒಣದ್ರಾಕ್ಷಿಯನ್ನು ದಿನಾ ಬೆಳಗ್ಗೆ ಒಂದು ಹಿಡಿ ಕೈಯಾರೆ ತಿನ್ನಿಸುತ್ತಿದ್ದರು. ತಿಂದ ಸ್ವಲ್ಪ ಹೊತ್ತಿಗೆ ಅವರಿಗೆ ಎದೆ ಬಿಗಿಯುತ್ತಿತ್ತು.

“ಡಾಕ್ಟ್ರು ಪ್ಯಾಕೆಟ್ ತಗೊಂಬನ್ನಿ ಅಂದ್ರು. ತಿರುಗಿಸಿ ಇನ್ನೂರಿಪ್ಪತ್ತು ಅನ್ನೋ ನಂಬರು ತೋರಿಸಿದ್ರು. ಅದು ಗಂಧಕದ್ದಂತೆ, ಹಣ್ಣಿನ ಬಣ್ಣ ಕೆಡದ ಹಾಗೆ ಹಾಕ್ತಾರಂತೆ. ಎಲ್ರಿಗೂ ಏನೂ ಆಗಲ್ಲ, ಉಬ್ಬಸ ಇರೋ ಕೆಲವ್ರಿಗೆ ಉಸಿರು ಕಟ್ಟುತ್ತೆ ಅಂದ್ರು. ನನ್ನ ಕೈಯಿಂದಾನೇ ತಿನ್ನಿಸ್ತಿದ್ನಲ್ಲ ಅಂತ ಅವತ್ತು ಊಟಾನೇ ಸೇರ್ಲಿಲ್ಲ,” ಎನ್ನುತ್ತಾರೆ ಅಕ್ಕ.

ಮೇಲೆ ಥಳುಕು, ಒಳಗೆ ಹುಳುಕು ಎಂಬ ಮಾತು ಇವರಿಗೆ ಅರ್ಥವಾದದ್ದು ಹೀಗೆ. ಆ ದ್ರಾಕ್ಷಿ ಅಂದೇ ನಿಂತಿತು. ಗಂಡನಿಗೆ ಔಷಧಿ ಈಗಲೂ ಇದೆ, ಆದರೆ ಬೆಳಗಿನ ಏದುಸಿರು ಇಲ್ಲ. ಆಮೇಲೆ ಅಕ್ಕ ಓದತೊಡಗಿದರು. ಹೊಸದರಲ್ಲಿ ಹಗ್ಗವೆಲ್ಲ ಹಾವೇ. ನಂಬರಿದ್ದ ಡಬ್ಬವನ್ನೆಲ್ಲ ಮನೆಯಿಂದ ಹೊರಹಾಕಿದರು, ನಾದಿನಿಯ ಮನೆಗೂ ಹೋಗಿ ಮುನ್ನೂರು ಎಂದು ಬರೆದಿದ್ದ ಹಣ್ಣಿನ ರಸ ಚೆಲ್ಲಿಸಿದರು. “ಮುನ್ನೂರು ಅಂದ್ರೆ ವಿಟಮಿನ್ ಸಿ ಅಂತೆ. ನಾದಿನಿ ಇವತ್ತಿಗೂ ಆಡ್ಕೋತಾಳೆ. ನಂಬರೆಲ್ಲ ವಿಷ ಅಲ್ಲ ಕಣ್ರೀ, ಯಾವುದು ಯಾಕಿದೆ ಅಂತ ಗೊತ್ತಿರ್ಬೇಕು ಅಷ್ಟೇ.”

ಈ ಓದಿನ ಗೀಳೇ ಒಂದು ದಿನ ಕೆಲಸಕ್ಕೆ ಕುತ್ತು ತಂದಿತ್ತು. ಬಿಸ್ಕತ್ತಿನ ಸಾಲನ್ನು ಓದುತ್ತ ಓದುತ್ತ ಪ್ಯಾಕೆಟ್ಟುಗಳನ್ನು ಮತ್ತೆ ತಿರುಗಿಸುವುದನ್ನೇ ಮರೆತರು. ಅಂಗಡಿ ತೆರೆದಾಗ ಇಡೀ ಸಾಲು ಗಿರಾಕಿಗಳಿಗೆ ಬೆನ್ನು ಹಾಕಿ ಕೂತಿತ್ತು. ಮ್ಯಾನೇಜರು ಕೆಂಡಾಮಂಡಲ. ಆದರೆ ಜನ ನಿಂತು ಓದತೊಡಗಿದ್ದರು, ಒಂದನ್ನಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ಯಾರೂ ಮೂಸಿ ನೋಡದ ಒಂದು ಸಾದಾ ಬಿಸ್ಕತ್ತು ಮಧ್ಯಾಹ್ನಕ್ಕೆ ಖಾಲಿಯಾಯಿತು. ಮ್ಯಾನೇಜರ ಸಿಟ್ಟು ಇಳಿದು, ಕೆಲವು ತಿಂಗಳ ಚೌಕಾಸಿಯ ನಂತರ ರ‍್ಯಾಕ್ ಸಿಕ್ಕಿತು. ಅದರಲ್ಲಿ ಎಲ್ಲವೂ ಬೆನ್ನು ಮುಂದಾಗಿಯೇ ನಿಲ್ಲುತ್ತವೆ.

ಈಗ, ಐದೂವರೆಗೆ, ಅಕ್ಕನ ಭೂತಗನ್ನಡಿ ಸಾಸಿನ ಬಾಟಲಿಯ ಮೇಲೆ ನಿಂತೇಬಿಟ್ಟಿದೆ. ಮುಂದೆ ಅದೇ ಟೊಮೆಟೊ, ಅದೇ ನಗುವ ಮಗು. ಹಿಂದೆ ನಿನ್ನೆಯವರೆಗೆ ನಾಲ್ಕು ಪದಾರ್ಥ ಇದ್ದವು, ಇವತ್ತು ಆರು ಇವೆ. ಹೊಸದಾಗಿ ಸೇರಿದ್ದರಲ್ಲಿ ಒಂದು ಇನ್ನೂರ ಹನ್ನೊಂದು, ಕೆಡದಂತೆ ಹಾಕುವುದು. ರ‍್ಯಾಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಓಡುವ ಕುದುರೆಯೇ ಈ ಸಾಸು. ಬಂದಿರುವುದು ಇಪ್ಪತ್ತನಾಲ್ಕು ಬಾಟಲಿ, ಬೇಕಿರುವುದು ಮೂವತ್ತೊಂಬತ್ತು ಮಾರಾಟ.

ಎಂಟಕ್ಕೆ ಬಂದ ಮ್ಯಾನೇಜರು ವಿಷಯ ಕೇಳಿ ತಲೆ ಕೆರೆದುಕೊಳ್ಳುತ್ತಾರೆ. ಅವರಿಗೂ ರ‍್ಯಾಕ್ ಗೆಲ್ಲಬೇಕೆಂಬ ಆಸೆ ಒಳಗೊಳಗೇ ಇದೆ. “ಇವತ್ತೊಂದಿನ ಇಟ್ಬಿಡಿ ಅಕ್ಕ. ನಾಳೆ ತೆಗೆದ್ರಾಯ್ತು.”

“ಅದು ವಿಷ ಅಂತ ನಾನೂ ಹೇಳಲ್ಲ ಸಾರ್. ಆದ್ರೆ ಇಲ್ಲಿ ಇರಲ್ಲ ಅಂತ ಬೋರ್ಡ್ ಹಾಕಿದೀವಿ. ನಂಬಿ ಕಣ್ಮುಚ್ಚಿ ತಗೊಂಡು ಹೋಗೋರಿದಾರೆ.”

ಒಂದನ್ನುಳಿದು ಇಪ್ಪತ್ಮೂರು ಬಾಟಲಿ ಮಾಮೂಲಿ ಸಾಲಿಗೆ ಹೋಗುತ್ತವೆ. ರ‍್ಯಾಕಿನ ನಡುವೆ ಖಾಲಿ ಜಾಗ, ಅಲ್ಲಿ ಅಕ್ಕ ಮಾರಲಲ್ಲ, ಹೋಲಿಸಿ ನೋಡಲೆಂದು ಎರಡೇ ಬಾಟಲಿ ಇಡುತ್ತಾರೆ, ಒಂದು ಉಳಿದಿದ್ದ ಹಳೆಯದು, ಒಂದು ಹೊಸದು, ಎರಡರ ಬೆನ್ನೂ ಮುಂದಕ್ಕೆ.

ಒಂಬತ್ತಕ್ಕೆ ಸಾಸು ಕೇಳಿ ಬಂದ ಮೊದಲ ಗಿರಾಕಿ ಎರಡನ್ನೂ ಓದಿ, “ಇದೇನ್ರೀ, ನಮಗೆ ಹೇಳ್ದೇನೇ ಬದಲಾಯಿಸಿಬಿಟ್ರಾ” ಎಂದು ಹೆಂಡತಿಯನ್ನು ಕರೆಯುತ್ತಾರೆ. ಆಕೆ ಪಕ್ಕದವರನ್ನು ಕರೆಯುತ್ತಾಳೆ. ಓದಿದವರು ಓದುತ್ತಲೇ ಹೋಗುತ್ತಾರೆ, ಗಂಧಕ ಹಾಕದ ಕಂದು ದ್ರಾಕ್ಷಿ, ಉಪ್ಪಷ್ಟೇ ಬೆರೆಸಿದ ಕಡಲೆಕಾಯಿ ಬೆಣ್ಣೆ, ಸಾದಾ ಬಿಸ್ಕತ್ತು ಒಂದೊಂದಾಗಿ ಬುಟ್ಟಿಗೆ ಬೀಳುತ್ತವೆ. ಹತ್ತೂವರೆಗೆ ನೂರಾ ಎಂಬತ್ತನಾಲ್ಕು. ಅಕ್ಕ ಗೋದಾಮಿಗೂ ರ‍್ಯಾಕಿಗೂ ಓಡುತ್ತಿದ್ದಾರೆ, ಮಂಡಿಯ ನೆನಪೇ ಇಲ್ಲ. ಹನ್ನೊಂದೂ ಮುಕ್ಕಾಲಿಗೆ ಕ್ಯಾಷ್ ಕೌಂಟರಿನ ಹುಡುಗಿ ಎರಡು ಬೆರಳೆತ್ತಿ ತೋರಿಸುತ್ತಾಳೆ. ಇನ್ನೂರು ದಾಟಿ ಎರಡು.

ಮ್ಯಾನೇಜರು ಪಾನೀಯದ ಪೆಟ್ಟಿಗೆಗಳನ್ನು ಬೇರೆ ಕಡೆ ಸಾಗಿಸಲು ಕೈಸನ್ನೆ ಮಾಡುತ್ತಾರೆ. ಅಕ್ಕ ಕಣ್ಣೊರೆಸಿಕೊಂಡು ಮುಂದಿನ ಪೆಟ್ಟಿಗೆ ಸೀಳುತ್ತಾರೆ. ಕಂದು ದ್ರಾಕ್ಷಿ ಹಿಡಿದ ಒಬ್ಬ ತಾಯಿ ಹತ್ತಿರ ಬಂದು, ನೀವು ಡಾಕ್ಟರಾ ಎಂದು ಸಂಕೋಚದಿಂದ ಕೇಳುತ್ತಾಳೆ.

“ಅಯ್ಯೋ ಇಲ್ಲಮ್ಮ, ನಾನು ಡಬ್ಬ ಜೋಡಿಸೋಳು,” ಎನ್ನುತ್ತಾರೆ ಅಕ್ಕ. “ಆದ್ರೆ ಓದಿ ಜೋಡಿಸ್ತೀನಿ.”